ಲೂಸ್ ಕಾಂಟ್ಯಾಕ್ಟ್ ಹುಡುಕುವವರು

ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ರಿಪೇರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಮೋಟರು ಸುಟ್ಟಿದ್ದರೆ ಮೂಗಿಗೆ ಗೊತ್ತಾಗುತ್ತದೆ, ಬಲ್ಬು ಹೋಗಿದ್ದರೆ ಕಣ್ಣಿಗೆ ಕಾಣುತ್ತದೆ, ಬ್ಯಾಟರಿ ಇಳಿದಿದ್ದರೆ ಕೀಲಿ ತಿರುವಿದಾಗ ಬರೀ ಟಿಕ್ ಟಿಕ್ ಎನ್ನುತ್ತದೆ. ಆಟೋ ಎಲೆಕ್ಟ್ರಿಷಿಯನ್ನರ ತಲೆ ತಿನ್ನುವ ರೋಗವೇ ಬೇರೆ. ಹಾವೇರಿ ಸೀಮೆಯ ಡ್ರೈವರುಗಳು ಅದರ ಲಕ್ಷಣ ಹೇಳುವ ರೀತಿ ಹೆಚ್ಚುಕಡಿಮೆ ಒಂದೇ: ‘ಲೈಟ್ ಒಮ್ಮೆ ಹತ್ತತೈತಿ, ಒಮ್ಮೆ ಹತ್ತಂಗಿಲ್ರಿ. ತಗ್ಗಿನ್ಯಾಗ ಎತ್ತಿ ಹಾಕಿದ್ರ ತಾನ ಬರತೈತಿ.’ ಇಷ್ಟು ಕೇಳಿದರೆ ಸಾಕು, ಕೆಲಸ ಬಲ್ಲವರು ಬಲ್ಬನ್ನು ಬಿಚ್ಚಲು ಹೋಗುವುದಿಲ್ಲ. ಅವರ ಕೈ ನೇರ ಹೋಗುವುದು ಬಲ್ಬಿನ ಹಿಂದಿನ ಕಪ್ಲರಿಗೆ.

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ ಇಂಥ ಕೈಗೆ ಕೆಲಸ ಕಡಿಮೆಯಾಗುವ ಸಂಭವವಿಲ್ಲ. ಒಂದು ಕಡೆ ಅರೆಮಲೆನಾಡಿನ ಮಳೆ, ಇನ್ನೊಂದು ಕಡೆ ಬಯಲುಸೀಮೆಯ ಧೂಳು. ಹಂಸಭಾವಿ, ತಿಳವಳ್ಳಿ ಕಡೆಯಿಂದ ಬರುವ ಹಳೆಯ ಓಮ್ನಿ, ಬೊಲೆರೊ, ಟಾಟಾ ಏಸ್, ಟ್ರ್ಯಾಕ್ಟರುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಕುಡಿದು, ಸುಗ್ಗಿಯಲ್ಲಿ ಹೊಲದ ಮಣ್ಣು ತಿಂದು ಓಡುತ್ತವೆ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಬೇಕೆಂದರೆ ದೂರ. ಹೋದರೂ ಅಲ್ಲಿ ‘ವೈರಿಂಗ್ ಕಿಟ್ಟನ್ನೇ ಬದಲಿಸಬೇಕು’ ಎನ್ನುವ ಸಾಧ್ಯತೆಯೇ ಹೆಚ್ಚು. ಕಿಟ್ ಎಂದರೆ ಗಾಡಿಯ ಮೈತುಂಬ ಹರಡಿದ ತಂತಿಗಳ ಇಡೀ ಕಂತೆ. ಕೆಟ್ಟದ್ದು ಅದರಲ್ಲಿ ಒಂದು ಪಿನ್ನು. ಆ ಒಂದು ಪಿನ್ನನ್ನು ಹುಡುಕಿ, ತೆಗೆದು, ಹೊಸದು ಕೂರಿಸಿ, ಕಿಟ್ಟನ್ನು ಉಳಿಸುವ ಕೆಲಸದ ಬಗ್ಗೆ ಈ ಬರಹ.

ಕಪ್ಲರನ್ನು ಕಂಪನಿಯ ಪುಸ್ತಕಗಳು ಕನೆಕ್ಟರ್ ಎನ್ನುತ್ತವೆ. ಗ್ಯಾರೇಜಿನಲ್ಲಿ ಆ ಮಾತು ಓಡುವುದಿಲ್ಲ. ಹೊರಗೆ ಕಾಣುವುದು ನೈಲಾನ್ ಜಾತಿಯ ಪ್ಲಾಸ್ಟಿಕ್ಕಿನ ಒಂದು ಗೂಡು. ಒಳಗೆ, ಒಂದೊಂದು ಕೋಣೆಯಲ್ಲಿ ಒಂದೊಂದು ಲೋಹದ ಪಿನ್ನು. ಗಂಡು ಪಿನ್ನು ಚಪ್ಪಟೆ ನಾಲಿಗೆ ಅಥವಾ ಕಡ್ಡಿ. ಹೆಣ್ಣು ಪಿನ್ನು ಮಡಚಿದ ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬಾಗಿದ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ, ಗಂಡನ್ನು ಒತ್ತಿ ಹಿಡಿಯುವುದು ಅದರ ಕೆಲಸ. ಕಪ್ಲರಿನ ಪ್ರಾಣವೆಲ್ಲ ಆ ಒತ್ತಡದಲ್ಲಿದೆ. ಎಷ್ಟೇ ನುಣುಪಾಗಿ ಕಂಡರೂ ಯಾವ ಲೋಹದ ಮೈಯೂ ಸಮತಟ್ಟಲ್ಲ. ಎರಡು ತಗಡು ಕೂಡಿದಾಗ ನಿಜವಾಗಿ ಮುಟ್ಟುವುದು ಅಲ್ಲೊಂದು ಇಲ್ಲೊಂದು ಸಣ್ಣ ಉಬ್ಬು ಮಾತ್ರ, ಕರೆಂಟೆಲ್ಲ ಹಾಯಬೇಕಾದದ್ದು ಆ ಚುಕ್ಕಿಗಳ ಮೂಲಕವೇ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಸ್ವೀಡನ್ನಿನ ರಾಗ್ನರ್ ಹೋಲ್ಮ್. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅವರು ಇದೊಂದೇ ವಿಷಯವನ್ನು ಬೆನ್ನುಹತ್ತಿ ಒಂದು ಶಾಸ್ತ್ರವನ್ನೇ ಕಟ್ಟಿದರು. ವಿದ್ಯುತ್ ಸಂಪರ್ಕಗಳ ತಜ್ಞರು ಇಂದಿಗೂ ಅವರ ಹೆಸರಿನಲ್ಲಿ ಸಮ್ಮೇಳನ ನಡೆಸುತ್ತಾರೆ. ಸ್ಪ್ರಿಂಗ್ ಬಲವಾಗಿ ಒತ್ತಿದರೆ ಉಬ್ಬುಗಳು ಜಜ್ಜಿ ಅಗಲವಾಗುತ್ತವೆ, ದಾರಿ ದೊಡ್ಡದಾಗುತ್ತದೆ. ಸ್ಪ್ರಿಂಗ್ ಸಡಿಲವಾದರೆ ದಾರಿ ಕಿರಿದು.

ಪಿನ್ನು ಹಿತ್ತಾಳೆಯದೋ ತಾಮ್ರದ ಮಿಶ್ರಲೋಹದ್ದೋ ಆಗಿರುತ್ತದೆ. ಮೇಲೆ ತವರದ ಲೇಪ. ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು ಬಳಿಯುತ್ತಿದ್ದುದೂ ಇದೇ ತವರ, ಕಾರಣವೂ ಅದೇ: ಹಿತ್ತಾಳೆ ಬರಿಮೈಯಲ್ಲಿದ್ದರೆ ಕಿಲುಬು ಹತ್ತುತ್ತದೆ. ವ್ಯತ್ಯಾಸವೆಂದರೆ ಪಿನ್ನಿನ ಕಲಾಯಿ ಕೆಲವೇ ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು. ತವರಕ್ಕೆ ಗಾಳಿ ತಾಗಿದ ಕೂಡಲೇ ಮೇಲೆ ಗಟ್ಟಿಯಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಪೊರೆ ಗಟ್ಟಿ, ಕೆಳಗಿನ ತವರ ಮೆತ್ತಗೆ. ಕಪ್ಲರನ್ನು ಒತ್ತಿ ಕೂರಿಸುವಾಗ ಪೊರೆ ಸೀಳಿ ಶುದ್ಧ ತವರಕ್ಕೆ ತವರ ಕೂಡುತ್ತದೆ. ಹೊಸ ಗಾಡಿಯ ಕಪ್ಲರುಗಳು ತಂಟೆ ಮಾಡದಿರುವುದು ಇದರಿಂದ.

ಆಮೇಲೆ ಗಾಡಿ ಓಡಲು ಶುರುವಾಗುತ್ತದೆ. ಎಂಜಿನ್ನಿನ ನಡುಕ, ರಸ್ತೆಯ ಕುಲುಕು, ಬಿಸಿಗೆ ಹಿಗ್ಗುವುದು, ತಂಪಿಗೆ ಕುಗ್ಗುವುದು. ಪಿನ್ನುಗಳು ಕಣ್ಣಿಗೆ ಕಾಣದಷ್ಟು ಹಿಂದೆ ಮುಂದೆ ತಿಕ್ಕುತ್ತವೆ. ಪ್ರತಿ ತಿಕ್ಕಿಗೂ ಒಂದಿಷ್ಟು ಹೊಸ ತವರ ಬಯಲಾಗಿ ಮತ್ತೆ ಪೊರೆ ಕಟ್ಟುತ್ತದೆ; ಸವೆದ ಪುಡಿ ಅಲ್ಲೇ ಕಪ್ಪು ಚುಕ್ಕಿಯಾಗಿ ಕೂರುತ್ತದೆ. ವರ್ಷಗಳು ಕಳೆದಂತೆ ಮುಟ್ಟುವ ಜಾಗವೆಲ್ಲ ಪುಡಿಯೇ. ಕಪ್ಲರನ್ನು ಒಮ್ಮೆ ಕಿತ್ತು ಹಾಕಿದರೆ ಎಲ್ಲ ಸರಿಹೋಗುವುದೂ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ರಗಳೆ ಬರುವುದೂ ಇದೇ ಕಾರಣಕ್ಕೆ. ಕಿತ್ತು ಹಾಕುವಾಗ ಪುಡಿ ಸರಿದು ಹೊಸ ಜಾಗ ಸಿಕ್ಕಿತು, ಅಷ್ಟೇ. ‘ಸುಮ್ನ ಕಿತ್ತು ಹಾಕಿದ್ದಕ್ಕ ರೊಕ್ಕ ತಗೊಂಡ’ ಎಂದು ಗೊಣಗುವ ಗಿರಾಕಿಯ ಮಾತಿನಲ್ಲಿ ಅರ್ಧ ನ್ಯಾಯವಿದೆ. ಕಿತ್ತು ಹಾಕಿದ್ದು ಪರೀಕ್ಷೆ, ರಿಪೇರಿ ಇನ್ನೂ ಆಗಿಲ್ಲ.

ಇನ್ನೊಂದು ಶತ್ರು ನೀರು. ಈಗಿನ ಕಪ್ಲರುಗಳಿಗೆ ರಬ್ಬರ್ ಸೀಲು ಇರುತ್ತದೆ, ಪ್ರತಿ ತಂತಿಗೂ ಪುಟ್ಟ ರಬ್ಬರ್ ಬಳೆ. ಆದರೂ ಪ್ರೆಷರ್ ಪಂಪ್ ಹಿಡಿದು ಎಂಜಿನ್ ತೊಳೆಯುವವರ ಮುಂದೆ ಯಾವ ಸೀಲೂ ನಿಲ್ಲದು. ತಂತಿಯ ಕವಚ ಎಲ್ಲಾದರೂ ಹರಿದಿದ್ದರೆ ನೀರು ಎಳೆಗಳ ಸಂದಿನಲ್ಲೇ ಹರಿದು, ಗಜಗಟ್ಟಲೆ ದೂರದ ಕಪ್ಲರಿನೊಳಗೆ ಹೋಗಿ ಕೂರುತ್ತದೆ. ಒಳಗೆ ನೀರೂ ಇದೆ, 12 ವೋಲ್ಟ್ ಕರೆಂಟೂ ಇದೆ. ಪಾಸಿಟಿವ್ ಪಿನ್ನು ಕರಗುತ್ತ ಹೋಗಿ ಹಸಿರು ಕಿಲುಬಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಗಾಡಿಗಳಲ್ಲಿ ಕಪ್ಲರ್ ಬಿಚ್ಚಿದರೆ ಹಸಿರು ಪುಡಿ ಉದುರುತ್ತದೆ. ಕೆಲವೊಮ್ಮೆ ಪಿನ್ನೇ ಉಳಿದಿರುವುದಿಲ್ಲ.

ಹುಡುಕುವ ಕೆಲಸದಲ್ಲಿ ಸುಮ್ಮನೆ ಕಣ್ಣಾಡಿಸಿ ತಂತಿ ಎಳೆದಾಡುವವರೇ ಬಹಳ. ನಿಜವಾದ ಮೇಸ್ತ್ರಿಯನ್ನು ಗುರುತಿಸುವುದು ಅವರು ಮೀಟರನ್ನು ಎಲ್ಲಿ ಹಚ್ಚುತ್ತಾರೆ ಎನ್ನುವುದರಿಂದ. ತಂತಿ ತುಂಡಾಗಿದೆಯೇ ಎಂದು ಮೀಟರನ್ನು ಓಮ್‌ಗೆ ಇಟ್ಟು ಪೀಂ ಎನ್ನಿಸಿ ನೋಡುವುದು ಎಲ್ಲರಿಗೂ ಗೊತ್ತು. ಆ ಪೀಂ ಎಷ್ಟೋ ಸಲ ಸುಳ್ಳು ಹೇಳುತ್ತದೆ. ಇಪ್ಪತ್ತು ಎಳೆಯ ತಂತಿಯಲ್ಲಿ ಹತ್ತೊಂಬತ್ತು ಎಳೆ ಹರಿದು ಒಂದೇ ಉಳಿದಿದ್ದರೂ ಮೀಟರು ಪೀಂ ಎನ್ನುತ್ತದೆ, ಏಕೆಂದರೆ ಮೀಟರು ಕಳಿಸುವ ಕರೆಂಟು ಅತ್ಯಲ್ಪ. ಹೆಡ್‌ಲೈಟು ಕೇಳುವ ನಾಲ್ಕು ಆಂಪಿಯರ್ ಅದೇ ಒಂದೆಳೆಯಲ್ಲಿ ಹಾಯಬೇಕಾದಾಗ ಬಣ್ಣ ಬಯಲಾಗುತ್ತದೆ.

ಹಾಗಾಗಿ ಬಲ್ಲವರು ಲೈಟು ಹತ್ತಿಸಿಟ್ಟೇ ಅಳೆಯುತ್ತಾರೆ. ಮೀಟರನ್ನು ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಕಪ್ಲರಿನ ಈ ಕಡೆಯ ತಂತಿಗೆ, ಇನ್ನೊಂದನ್ನು ಅದೇ ತಂತಿ ಕಪ್ಲರ್ ದಾಟಿದ ಆ ಕಡೆಗೆ. ಕಡ್ಡಿಯನ್ನು ತಂತಿಯ ಕವಚಕ್ಕೆ ಚುಚ್ಚುವಂತಿಲ್ಲ. ಚುಚ್ಚಿದ ತೂತೇ ನಾಳೆ ನೀರಿಗೆ ಬಾಗಿಲು. ಕಪ್ಲರಿನ ಹಿಂಬದಿಯಿಂದ, ತಂತಿಯ ಪಕ್ಕದಲ್ಲೇ ತೆಳ್ಳಗಿನ ಸೂಜಿ ಇಳಿಸಬೇಕು. ಕಪ್ಲರ್ ಒಳ್ಳೆಯದಾಗಿದ್ದರೆ ಎರಡೂ ಕಡೆ ವೋಲ್ಟೇಜ್ ಒಂದೇ, ಮೀಟರು ಸೊನ್ನೆಯ ಆಸುಪಾಸು ತೋರಿಸುತ್ತದೆ. ಅರ್ಧ ವೋಲ್ಟ್ ತೋರಿಸಿದರೆ ಅಲ್ಲೇ ಸೋರಿಕೆ. ಎರಡು ವೋಲ್ಟ್ ಎಂದರೆ ಕಪ್ಲರ್ ಆಗಲೇ ಕೈಗೆ ಬಿಸಿ ತಾಗುತ್ತಿರಬೇಕು.

ಲೆಕ್ಕ ಸರಳವಾಗಿದೆ. 55 ವಾಟಿನ ಹೆಡ್‌ಲೈಟ್ ಬಲ್ಬಿಗೆ 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರಿನಷ್ಟು ಬೇಕು. ಕಪ್ಲರಿನಲ್ಲಿ ಅರ್ಧ ಓಮ್ ತಡೆ ಹುಟ್ಟಿತು ಅನ್ನಿ. ಕರೆಂಟು ನಾಲ್ಕರ ಹತ್ತಿರ ಇಳಿಯುತ್ತದೆ, ಎರಡು ವೋಲ್ಟ್ ಕಪ್ಲರಿನಲ್ಲೇ ಖರ್ಚಾಗಿ ಬಲ್ಬಿಗೆ ಹತ್ತು ಮಾತ್ರ ಸಿಗುತ್ತದೆ. ಹತ್ತು ಸಿಕ್ಕಿತಲ್ಲ, ಆರರಲ್ಲಿ ಒಂದು ಪಾಲು ಹೋಯಿತು ಅಷ್ಟೇ ಎನ್ನುವಂತಿಲ್ಲ. ಫಿಲಮೆಂಟಿನ ಬಲ್ಬು ವೋಲ್ಟೇಜಿನ ವಿಷಯದಲ್ಲಿ ಬಲು ನಾಜೂಕು. ಹತ್ತು ವೋಲ್ಟಿನಲ್ಲಿ ಅದರ ಬೆಳಕು ಅರ್ಧಕ್ಕರ್ಧ ಬೀಳುತ್ತದೆ. ಕಳೆದುಹೋದ ಎರಡು ವೋಲ್ಟು ಕಪ್ಲರಿನೊಳಗೆ ಎಂಟು ವಾಟ್ ಶಾಖವಾಗುತ್ತದೆ. ಬೆರಳತುದಿಯಷ್ಟಿರುವ ಪ್ಲಾಸ್ಟಿಕ್ ಗೂಡಿಗೆ ಎಂಟು ವಾಟ್ ಬಹಳವಾಯಿತು. ಕಾವಿಗೆ ಹಿತ್ತಾಳೆ ಸ್ಪ್ರಿಂಗು ತನ್ನ ಬಿಗುವು ಕಳೆದುಕೊಳ್ಳುತ್ತದೆ. ಬಿಗುವು ಹೋದರೆ ತಡೆ ಹೆಚ್ಚು, ತಡೆ ಹೆಚ್ಚಿದರೆ ಕಾವು ಹೆಚ್ಚು. ಮೊದಲು ಬಿಳಿ ಪ್ಲಾಸ್ಟಿಕ್ ಕಂದಾಗುತ್ತದೆ, ಆಮೇಲೆ ಗುಳ್ಳೆ ಏಳುತ್ತದೆ, ಕೊನೆಗೆ ಬಲ್ಬಿಗೇ ಕರಗಿ ಅಂಟುತ್ತದೆ. ಬೆಳಕು ಸಾಲದೆಂದು 100 ವಾಟಿನ ಬಲ್ಬು ತಂದು ಹಳೆಯ ಕಪ್ಲರಿಗೇ ಹಾಕುವವರು ಈ ಸುತ್ತನ್ನು ವಾರಗಳಲ್ಲೇ ಮುಗಿಸುತ್ತಾರೆ. ಅವರಿಗೆ ಬೇಕಾಗಿದ್ದದ್ದು ದೊಡ್ಡ ಬಲ್ಬಲ್ಲ, ಕಳೆದುಹೋದ ಎರಡು ವೋಲ್ಟು.

ಸೆನ್ಸರುಗಳ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಕರೆಂಟು ತೀರಾ ಕಡಿಮೆ, ಏನೂ ಬಿಸಿಯಾಗುವುದಿಲ್ಲ, ಏನೂ ಕರಗುವುದಿಲ್ಲ, ಬರೀ ಸುಳ್ಳು ಸುದ್ದಿ ಹರಡುತ್ತದೆ. ಎಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರನ್ನು ನೋಡಿ. ತಣ್ಣಗಿದ್ದಾಗ ಅದರ ತಡೆ ಕೆಲವು ಸಾವಿರ ಓಮ್, ಬಿಸಿಯಾದಾಗ ಕೆಲವು ನೂರು. ಕಪ್ಲರಿನಲ್ಲಿ ಕಿಲುಬು ಹತ್ತಿ ಇನ್ನಷ್ಟು ಓಮ್ ಸೇರಿಕೊಂಡರೆ ಎಂಜಿನ್ ನಡೆಸುವ ಕಂಪ್ಯೂಟರು ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜು ಬೀಳುತ್ತದೆ, ಹೊಗೆ ಕಪ್ಪಾಗುತ್ತದೆ. ಸ್ಕ್ಯಾನರ್ ಹಚ್ಚಿದವನು ಸೆನ್ಸರಿನ ಹೆಸರು ಓದಿ ಹೊಸ ಸೆನ್ಸರ್ ಹಾಕುತ್ತಾನೆ. ಹಾಕುವಾಗ ಕಪ್ಲರ್ ಕಿತ್ತು ಹಾಕಿರುತ್ತಾನಲ್ಲ, ಕೆಲವು ದಿನ ಎಲ್ಲ ಸರಿ. ಹಳೆಯ ಸೆನ್ಸರು ನಿರಪರಾಧಿಯಾಗಿ ಗುಜರಿ ಸೇರುತ್ತದೆ.

ಅರ್ಥ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾಡಿಯಲ್ಲಿ ಮರಳುವ ತಂತಿ ಎಂದರೆ ಬಾಡಿಯ ತಗಡೇ. ಬೋಲ್ಟಿನ ಕೆಳಗೆ ಬಣ್ಣವೋ ತುಕ್ಕೋ ಸೇರಿದರೆ ಕರೆಂಟು ಬೇರೆ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಇಂಡಿಕೇಟರ್ ಹಾಕಿದಾಗ ಅದರ ಜೊತೆಗೇ ಹಿಂದಿನ ಕೆಂಪು ದೀಪವೂ ಮಿಣುಕುವ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಅದು ಅರ್ಥ್ ಕೆಟ್ಟದ್ದರ ಗುರುತು. ಬೋಲ್ಟ್ ಬಿಚ್ಚಿ, ಹೊಳೆಯುವವರೆಗೆ ಉಜ್ಜಿ, ಬಿಗಿದರೆ ಮುಗಿಯಿತು.

ಇನ್ನು ಕೈಕೆಲಸ. ನನಗೆ ನೋಡಲು ಅತಿ ಇಷ್ಟವಾದದ್ದು ಕಪ್ಲರಿನಿಂದ ಪಿನ್ನು ಹೊರತೆಗೆಯುವ ಗಳಿಗೆ. ಪಿನ್ನನ್ನು ಎಳೆದರೆ ಬರುವುದಿಲ್ಲ. ಪ್ಲಾಸ್ಟಿಕ್ಕಿಗೋ ಪಿನ್ನಿಗೋ ಒಂದು ಪುಟ್ಟ ಕೊಂಡಿ ಇರುತ್ತದೆ. ಪಿನ್ನು ಒಳಗೆ ಹೋಗುವಾಗ ಬಗ್ಗಿ ದಾರಿ ಬಿಟ್ಟು, ಹೋದಮೇಲೆ ಎದ್ದು ನಿಂತು ಬಾಗಿಲು ಹಾಕುತ್ತದೆ. ಅದರ ಮೇಲೆ ಇನ್ನೊಂದು ಬೀಗ: ಬಿಳಿಯದೋ ಹಳದಿಯದೋ ಒಂದು ಪ್ಲಾಸ್ಟಿಕ್ ಪಟ್ಟಿ, ಎಲ್ಲ ಪಿನ್ನುಗಳನ್ನೂ ಒಟ್ಟಿಗೆ ಅಡ್ಡಗಟ್ಟುವಂಥದ್ದು. ಮೊದಲು ಈ ಪಟ್ಟಿಯನ್ನು ಅರ್ಧ ಎಬ್ಬಿಸಬೇಕು. ಪೂರ್ತಿ ಕಿತ್ತರೆ ಅದರ ಹಲ್ಲು ಮುರಿಯುತ್ತದೆ. ನಾನು ನೋಡಿದ ಮೇಸ್ತ್ರಿಯೊಬ್ಬರು ಮೊದಲು ಮೊಬೈಲಿನಲ್ಲಿ ಕಪ್ಲರಿನ ಫೋಟೊ ತೆಗೆದುಕೊಂಡರು, ಯಾವ ಬಣ್ಣದ ತಂತಿ ಯಾವ ಕೋಣೆಯಲ್ಲಿದೆ ಎಂಬುದಕ್ಕೆ. ಆಮೇಲೆ ಡಬ್ಬದಿಂದ ಒಂದು ಕಡ್ಡಿ ತೆಗೆದರು. ಹಳೆಯ ಕೊಡೆಯ ಕಡ್ಡಿ. ತುದಿಯನ್ನು ಸಾಣೆ ಹಿಡಿದು ಚಪ್ಪಟೆ ಮಾಡಿದ್ದು. ಇಂಥವೇ ನಾಲ್ಕಾರು ಅಳತೆಯವು ಆ ಡಬ್ಬದಲ್ಲಿದ್ದವು. ಕಂಪನಿಗಳು ಇದಕ್ಕೆಂದೇ ಹತಾರದ ಸೆಟ್ಟು ಮಾರುತ್ತವೆ, ಆನ್‌ಲೈನಿನಲ್ಲಿ ಅಗ್ಗಕ್ಕೂ ಸಿಗುತ್ತವೆ. ಅಗ್ಗದವು ಮೊದಲ ಗಟ್ಟಿ ಕಪ್ಲರಿಗೇ ಬಾಗುತ್ತವೆ. ಕೊಡೆಕಡ್ಡಿಯ ಉಕ್ಕು ಬಾಗುವುದಿಲ್ಲ.

ಕಡ್ಡಿ ಇಳಿಸುವ ಮೊದಲು ಅವರು ತಂತಿಯನ್ನು ಮುಂದಕ್ಕೆ, ಅಂದರೆ ಒಳಕ್ಕೇ, ಮೆಲ್ಲಗೆ ಒತ್ತಿದರು. ತೆಗೆಯಬೇಕಾದದ್ದನ್ನು ಒತ್ತುವುದು ಏಕೆ? ಪಿನ್ನು ಹಿಂದಕ್ಕೆ ಜಗ್ಗಿಕೊಂಡಿದ್ದರೆ ಕೊಂಡಿಯ ಮೇಲೆ ಭಾರ ಬಿದ್ದಿರುತ್ತದೆ. ಒತ್ತಿದಾಗ ಭಾರ ಇಳಿದು ಕೊಂಡಿ ಸಡಿಲಾಗುತ್ತದೆ. ಆಗ ಕಡ್ಡಿಯ ತುದಿ ಅದನ್ನು ಒಂದು ಕೂದಲೆಳೆ ಬಾಗಿಸಿದರೆ ಸಾಕು. ಅವರ ಕಣ್ಣು ಆಗ ಎಲ್ಲೋ ಇತ್ತು, ಕಪ್ಲರಿನ ಮೇಲಿರಲಿಲ್ಲ. ಒಳಗೆ ನಡೆಯುವುದು ಕಾಣುವಂಥದ್ದಲ್ಲ, ಬೆರಳಿಗೆ ತಿಳಿಯುವಂಥದ್ದು. ತಂತಿ ತಾನಾಗಿ ಹಿಂದಕ್ಕೆ ಜಾರಿತು. ಬಲ ಹಾಕಿದ್ದರೆ ಕೊಂಡಿ ಮುರಿದು ಇಡೀ ಕಪ್ಲರ್ ದಂಡವಾಗುತ್ತಿತ್ತು.

ಹೊರಬಂದ ಪಿನ್ನಿನ ಮೈ ಕಂದಾಗಿ, ಬಾಯಿ ಅಗಲವಾಗಿತ್ತು. ಇಂಥಲ್ಲಿ ಕೆಲವರು ಎಮರಿ ಪೇಪರಿನಿಂದ ತಿಕ್ಕಿ, ಇಕ್ಕಳದಲ್ಲಿ ಬಾಯಿ ಒತ್ತಿ ಮರಳಿ ಹಾಕುತ್ತಾರೆ. ತಿಕ್ಕಿದ ಪಿನ್ನು ಬಂಗಾರದಂತೆ ಹೊಳೆಯುವುದೇನೋ ನಿಜ, ಆದರೆ ಹೊಳೆಯುವುದು ಬರಿ ಹಿತ್ತಾಳೆ. ಕಲಾಯಿ ಹೋಯಿತು, ಮುಂದಿನ ಮಳೆಗೆ ಕಿಲುಬು ಗ್ಯಾರಂಟಿ. ಕಾದು ಬಿಗುವು ಕಳೆದುಕೊಂಡ ಸ್ಪ್ರಿಂಗನ್ನು ಒತ್ತಿದರೂ ಅದು ಹಳೆಯ ಬಲಕ್ಕೆ ಬಾರದು. ಪೆಟ್ರೋಲಿನಲ್ಲಿ ಅದ್ದಿ ತೊಳೆಯುವುದು ಇನ್ನೊಂದು ಕೆಟ್ಟ ಚಾಳಿ. ಸೀಲುಗಳು ಬಹುತೇಕ ಸಿಲಿಕೋನಿನವು, ಪೆಟ್ರೋಲ್ ತಾಗಿದರೆ ಊದಿಕೊಳ್ಳುತ್ತವೆ. ಸುಟ್ಟ ಪಿನ್ನಿಗೆ ಮದ್ದಿಲ್ಲ, ಹೊಸದೇ ಆಗಬೇಕು.

ಹೊಸ ಪಿನ್ನಿಗೆ ತಂತಿ ಕೂಡಿಸುವಲ್ಲಿ ಎರಡು ಪಂಥಗಳಿವೆ, ಗ್ಯಾರೇಜುಗಳಲ್ಲಿ ಇದರ ಬಗ್ಗೆ ಜಗಳವೇ ಆಗುತ್ತದೆ. ಒಂದು ಪಂಥ ಬೆಸುಗೆ ಹಾಕುವವರದು: ಸೀಸ-ತವರ ಕರಗಿಸಿ ಬಿಟ್ಟರೆ ಲೋಹಕ್ಕೆ ಲೋಹ ಒಂದಾಯಿತು, ಇನ್ನೇನು ಬೇಕು ಎನ್ನುತ್ತಾರೆ. ರೇಡಿಯೊದಲ್ಲಿ, ಟಿ.ವಿ.ಯಲ್ಲಿ ಅದು ಸರಿ. ಅವು ಕಪಾಟಿನ ಮೇಲೆ ಕೂತಿರುತ್ತವೆ. ಗಾಡಿ ಕೂತಿರುವುದಿಲ್ಲ. ಕರಗಿದ ತವರ ಎಳೆಗಳ ಸಂದಿನಲ್ಲಿ ಮೇಲಕ್ಕೇರಿ ಒಂದಷ್ಟು ಉದ್ದ ತಂತಿಯನ್ನು ಕಡ್ಡಿ ಮಾಡಿಬಿಡುತ್ತದೆ. ಕಡ್ಡಿ ಮುಗಿದು ಮೆತ್ತಗಿನ ತಂತಿ ಶುರುವಾಗುವ ಗೆರೆಯಲ್ಲಿ ನಡುಕವೆಲ್ಲ ಬಂದು ಸೇರುತ್ತದೆ. ಎಳೆಗಳು ಅಲ್ಲೇ ಒಂದೊಂದಾಗಿ ಹರಿಯುತ್ತವೆ, ಅದೂ ಕವಚದೊಳಗೆ, ಕಾಣದಂತೆ. ತಗಡು ಬೆಸೆಯುವ ಆಸಿಡ್ ಫ್ಲಕ್ಸನ್ನು ಬಳಸಿದ್ದರಂತೂ ಮುಗಿದೇಹೋಯಿತು, ಅದು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ.

ಇನ್ನೊಂದು ಪಂಥ ಕ್ರಿಂಪ್ ಮಾಡುವವರದು, ಅಂದರೆ ಏನನ್ನೂ ಕರಗಿಸದೆ ಪಿನ್ನನ್ನು ತಂತಿಗೆ ಒತ್ತಿ ಕೂಡಿಸುವವರದು; ನನ್ನ ಓಟು ಅವರಿಗೆ. ಕಾರು ಮಾಡುವ ಕಂಪನಿಗಳೂ ಅದೇ ಪಂಥ. ಅಮೆರಿಕದ ಎ.ಎಂ.ಪಿ. ಎಂಬ ಕಂಪನಿ 1941ರಲ್ಲಿ ಹುಟ್ಟಿದ್ದೇ ಬೆಸುಗೆಯಿಲ್ಲದ ಪಿನ್ನು ಮಾಡಲು. ಆ ಮೂರಕ್ಷರ ನಿಂತಿರುವುದು ವಿಮಾನ ಮತ್ತು ಹಡಗಿನ ಸಾಮಾನು ಎಂಬುದಕ್ಕೆ. ಯುದ್ಧಕಾಲದ ವಿಮಾನಗಳಲ್ಲಿ ಬೇಗ ಕೂಡಿಸಬೇಕು, ನಡುಕಕ್ಕೆ ಬಿಡಬಾರದು. ನಾಸಾ ಕೂಡ ಬಾಹ್ಯಾಕಾಶದ ತಂತಿಗಳನ್ನು ಕ್ರಿಂಪ್ ಮಾಡುವುದಕ್ಕೆ ಪ್ರತ್ಯೇಕ ಕಟ್ಟಳೆಗಳನ್ನೇ ಬರೆದಿಟ್ಟಿದೆ.

ಪಿನ್ನಿನ ಬಾಲದಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ. ಮುಂದಿನ ಜೊತೆ ತಾಮ್ರವನ್ನು ಹಿಡಿಯುವುದಕ್ಕೆ, ಹಿಂದಿನದು ಪ್ಲಾಸ್ಟಿಕ್ ಕವಚವನ್ನೋ ರಬ್ಬರ್ ಬಳೆಯನ್ನೋ ಹಿಡಿಯುವುದಕ್ಕೆ. ಮೇಸ್ತ್ರಿ ತಂತಿಯ ಕಪ್ಪಾದ ತುದಿಯನ್ನು ಕತ್ತರಿಸಿ, ತಾಮ್ರ ಕೆಂಪಗೆ ಕಾಣುವಷ್ಟು ಹಿಂದಕ್ಕೆ ಹೋದರು. ಕಪ್ಪು ಎಳೆಗೆ ಕ್ರಿಂಪ್ ಹಾಕಿದರೆ ಪ್ರಯೋಜನವಿಲ್ಲ. ಕವಚ ಸುಲಿಯುವಾಗ ಒಂದೇ ಒಂದು ಎಳೆ ತುಂಡಾಗಿತ್ತು, ಅವರು ಅದನ್ನೂ ಕತ್ತರಿಸಿ ಮತ್ತೆ ಸುಲಿದರು. ರೆಕ್ಕೆಗಳ ನಡುವೆ ತಂತಿ ಮಲಗಿಸಿ ಇಕ್ಕಳದ ಹಲ್ಲಿಗೆ ಕೊಟ್ಟಾಗ ಎರಡು ರೆಕ್ಕೆಗಳೂ ಮೇಲಿಂದ ಸುರುಳಿ ಸುತ್ತಿ ಎಳೆಗಳ ನಡುವಕ್ಕೇ ಧುಮುಕುತ್ತವೆ. ಮುಗಿದಮೇಲೆ ಅಡ್ಡಲಾಗಿ ನೋಡಿದರೆ ಇಂಗ್ಲಿಷಿನ ಬಿ ಅಕ್ಷರ ಮಲಗಿದ ಆಕಾರ. ಒತ್ತಡ ಸರಿಯಾಗಿದ್ದರೆ ಒಳಗಿನ ಎಳೆಗಳು ದುಂಡಗಿನ ಆಕಾರ ಕಳೆದುಕೊಂಡು, ಗಾಳಿಯೂ ನುಸುಳದಂತೆ ಒಂದಕ್ಕೊಂದು ಕಚ್ಚುತ್ತವೆ. ಗಾಳಿಯಿಲ್ಲದ ಕಡೆ ಕಿಲುಬೂ ಇಲ್ಲ. ಒತ್ತಡ ಕಡಿಮೆಯಾದರೆ ಸಂದು ಉಳಿಯುತ್ತದೆ, ಹೆಚ್ಚಾದರೆ ಎಳೆಗಳೇ ಕತ್ತರಿಸುತ್ತವೆ. ತಂತಿಯ ದಪ್ಪಕ್ಕೆ, ಅಂದರೆ ಅರ್ಧವೋ 0.85ವೋ 1.25ವೋ ಚದರ ಮಿಲಿಮೀಟರಿಗೆ, ತಕ್ಕ ಹಲ್ಲನ್ನೇ ಆರಿಸಬೇಕಾಗಿರುವುದು ಇದಕ್ಕೆ. ಸಾದಾ ಇಕ್ಕಳದಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ, ಜಜ್ಜಿದ್ದು ಅಷ್ಟೇ.

ಆಮೇಲೆ ಅವರು ಪಿನ್ನನ್ನು ಒಂದು ಕೈಯಲ್ಲಿ, ತಂತಿಯನ್ನು ಇನ್ನೊಂದರಲ್ಲಿ ಹಿಡಿದು ಎಳೆದು ನೋಡಿದರು. ಕೊಂಡಿಯನ್ನು ಉಗುರಿನಿಂದ ತುಸು ಎಬ್ಬಿಸಿದರು, ಏಕೆಂದರೆ ಬಾಗಿದ ಕೊಂಡಿ ಬಾಗಿಯೇ ಉಳಿದರೆ ಪಿನ್ನು ಒಳಗೆ ನಿಲ್ಲುವುದಿಲ್ಲ, ಕಪ್ಲರ್ ಕೂಡಿಸುವಾಗ ಹಿಂದಕ್ಕೆ ಸರಿಯುತ್ತದೆ. ಅರ್ಧಂಬರ್ಧ ರಿಪೇರಿಯಾದ ಗಾಡಿಗಳಲ್ಲಿ ಈ ತಪ್ಪು ಬಹಳ ಸಾಮಾನ್ಯ. ಪಿನ್ನು ಒಳಗೆ ಹೋಯಿತು, ಟಕ್ ಎಂದಿತು, ಅವರು ಮತ್ತೊಮ್ಮೆ ಎಳೆದು ನೋಡಿ ಬಿಳಿ ಪಟ್ಟಿಯನ್ನು ಒತ್ತಿದರು. ಪಟ್ಟಿ ಕೂರದಿದ್ದರೆ ಯಾವುದೋ ಪಿನ್ನು ಪೂರ್ತಿ ಹೋಗಿಲ್ಲವೆಂದು ಅರ್ಥ. ಗೂಡು ಮಾಡಿದವರು ಈ ಎರಡನೆಯ ಬೀಗವನ್ನು ಇಟ್ಟಿರುವುದೇ ಇದನ್ನು ಹೇಳುವುದಕ್ಕೆ.

ಇಷ್ಟೆಲ್ಲ ಏಕೆ, ಕಪ್ಲರ್ ಕತ್ತರಿಸಿ ಎಸೆದು ತಂತಿಗೆ ತಂತಿ ಹೊಸೆದು ಟೇಪು ಸುತ್ತಿದರಾಗದೇ? ಐದು ನಿಮಿಷದ ಕೆಲಸ, ಹೆದ್ದಾರಿ ಬದಿಯಲ್ಲಿ ರಾತ್ರಿ ನಿಂತವರಿಗೆ ಅದೇ ದೊಡ್ಡ ಉಪಕಾರ, ಅದನ್ನು ಹಳಿಯಲಾರೆ. ಆದರೆ ಆ ಗಂಟು ಮನೆ ಸೇರುವವರೆಗಷ್ಟೇ. ಎಂಜಿನ್ನಿನ ಕಾವಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಹೊಸೆದ ತಾಮ್ರ ಸಡಿಲಾಗುತ್ತದೆ, ನಾಳೆ ಹೆಡ್‌ಲೈಟ್ ಬಿಚ್ಚಬೇಕಾದವನು ಮತ್ತೆ ಕತ್ತರಿಯನ್ನೇ ಹಿಡಿಯಬೇಕು. ಹೀಗೆ ನಾಲ್ಕು ಸಲ ಕತ್ತರಿಸಿದಮೇಲೆ ತಂತಿಯೇ ಗಿಡ್ಡವಾಗುತ್ತದೆ. ಗೂಡು ಪೂರ್ತಿ ಕರಗಿದ್ದರೆ ತಂತಿಯ ಬಾಲವಿರುವ ಹೊಸ ಕಪ್ಲರನ್ನೇ ತರಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಸಿಗುತ್ತದೆ. ಬಾಲಗಳನ್ನು ಕೂಡಿಸುವಾಗ ಎಲ್ಲ ಗಂಟೂ ಒಂದೇ ಕಡೆ ಬಾರದಂತೆ ಒಂದೊಂದನ್ನು ಒಂದೊಂದು ಅಳತೆಗೆ ಕತ್ತರಿಸುತ್ತಾರೆ. ಮೇಲೆ ಒಳಗಂಟಿರುವ ಕುಗ್ಗುವ ಟ್ಯೂಬನ್ನು ಏರಿಸಿ ಬಿಸಿಗಾಳಿ ಹಿಡಿಯುತ್ತಾರೆ. ಕೊನೆಗೆ ಕಪ್ಲರಿಗೆ ಹೋಗುವ ತಂತಿಯನ್ನು ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿ ಕಟ್ಟುತ್ತಾರೆ, ಹರಿದುಬಂದ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕಿ ಬೀಳಲಿ ಎಂದು.

ಇಲಿಗಳನ್ನು ಬಿಟ್ಟು ಈ ಸೀಮೆಯ ವೈರಿಂಗಿನ ಮಾತು ಮುಗಿಯದು. ಗೋವಿನಜೋಳದ ರಾಶಿ ಮನೆಗೆ ಬಂತೆಂದರೆ ಇಲಿಯೂ ಬಂತು, ಪಕ್ಕದಲ್ಲಿ ನಿಂತ ಕಾರಿನ ಬೆಚ್ಚನೆಯ ಬಾನೆಟ್ ಅದಕ್ಕೆ ಗೂಡು. ಹಲ್ಲು ಬೆಳೆಯುತ್ತಲೇ ಇರುವ ಪ್ರಾಣಿ. ಕಡಿಯಲು ಏನಾದರೂ ಬೇಕು. ಹೊಂಡಾ ಕಂಪನಿ ಮೆಣಸಿನಕಾಯಿಯ ಖಾರದ ಸಾರ ಸವರಿದ ಟೇಪನ್ನೇ ತಂತಿಗೆ ಸುತ್ತಲು ಮಾರುತ್ತದೆ. ಇದನ್ನು ಕೇಳಿ, ಪಕ್ಕದಲ್ಲೇ ಬ್ಯಾಡಗಿ ಇರುವಾಗ ನಮಗೇನು ಕೊರತೆ ಎಂದು ಹಿಗ್ಗುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ 
ಕಡಿಮೆ. ಇಲಿ ಚಪ್ಪರಿಸಿ ತಿಂದೀತು.

ಅಂಬಾಸಡರ್ ಕಾಲದಲ್ಲಿ ವೈರಿಂಗ್ ಕಲಿತವರಿಗೆ ತಂತಿಯ ಬಣ್ಣ ಬಾಯಿಪಾಠವಾಗಿದ್ದರೆ ಸಾಕಿತ್ತು: ಕಂದು ಬ್ಯಾಟರಿಯದು, ಬಿಳಿ ಇಗ್ನಿಷನ್ನಿನದು, ಕಪ್ಪು ಅರ್ಥ್. ಈಗ, ಅದರಲ್ಲೂ 2020ರ ಏಪ್ರಿಲ್ 1ರಂದು ಬಿ.ಎಸ್.6 ಎಂಬ ಹೊಗೆಯ ನಿಯಮ ಬಂದಮೇಲೆ, ಸೆನ್ಸರುಗಳ ಸಂಖ್ಯೆ ಏರಿ ಕಪ್ಲರುಗಳೂ ಹೆಚ್ಚಿವೆ. ಕಂಪ್ಯೂಟರುಗಳು ತಮ್ಮೊಳಗೆ ಮಾತಾಡಿಕೊಳ್ಳುವುದು ಹೊಸೆದ ಎರಡು ತಂತಿಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಎಂಬ ಪದ್ಧತಿ ಅದು. ಎರಡೂ ಕೊನೆಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಬ್ಯಾಟರಿ ಬಿಚ್ಚಿ ಅಳೆದರೆ ಮೀಟರು 60 ತೋರಿಸಬೇಕು. 120 ತೋರಿಸಿತೋ, ಒಂದು ಕೊನೆಯ ಸಂಪರ್ಕ ಎಲ್ಲೋ ಕಡಿದಿದೆ. ಈ ತಂತಿ ರಿಪೇರಿ ಮಾಡುವಾಗ ಹೊಸೆತವನ್ನು ಬಿಡಿಸಿ ಉದ್ದಕ್ಕೆ ಬಿಡಬಾರದು. ಹೊರಗಿನ ಗದ್ದಲ ಒಳಗೆ ಬಾರದಂತೆ ತಡೆಯುವುದು ಆ ಹೊಸೆತವೇ.

ಹಳದಿ ಕಪ್ಲರ್ ಕಂಡರೆ ಮೇಸ್ತ್ರಿ ಕೈ ಹಿಂದಕ್ಕೆ ತೆಗೆಯುತ್ತಾರೆ. ಅದು ಏರ್‌ಬ್ಯಾಗಿನದು. ಬಿಚ್ಚಿದ ಕೂಡಲೇ ಒಳಗಿನ ಒಂದು ಪಟ್ಟಿ ಎರಡು ಪಿನ್ನುಗಳನ್ನೂ ಕೂಡಿಸಿಬಿಡುವಂತೆ ಅದನ್ನು ಮಾಡಿರುತ್ತಾರೆ, ಎಲ್ಲಿಂದಲೋ ಬಂದ ಚೂರು ಕರೆಂಟಿಗೆ ಬ್ಯಾಗು ಸಿಡಿಯದಿರಲೆಂದು. ಅಲ್ಲಿ ಟೆಸ್ಟ್ ಲ್ಯಾಂಪೂ ಇಲ್ಲ, ಮೀಟರೂ ಇಲ್ಲ. ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳೂ ಹಾಗೇ, ಅವುಗಳಲ್ಲಿ ನೂರಾರು ವೋಲ್ಟು ಇರುತ್ತದೆ. ಅದಕ್ಕೆ ಬೇರೆ ತರಬೇತಿ, ಬೇರೆ ಕೈಗವಸು.

ಬ್ಯಾಟರಿ ರಿಕ್ಷಾಗಳದು ಹಾಗಲ್ಲ. 48 ವೋಲ್ಟು, ಸಾವಿರ ವಾಟಿನ ಮೋಟರು, ಸುಮಾರು ಇಪ್ಪತ್ತು ಆಂಪಿಯರ್ ಕರೆಂಟು. ಕಪ್ಲರಿನಲ್ಲಿ ಒಂದು ಓಮಿನ ಇಪ್ಪತ್ತರಲ್ಲಿ ಒಂದು ಪಾಲು ತಡೆ ಸೇರಿದರೂ ಕಳೆಯುವುದು ಒಂದೇ ವೋಲ್ಟು. ನಲವತ್ತೆಂಟರಲ್ಲಿ ಒಂದು ಹೋದರೆ ಓಡಿಸುವವನಿಗೆ ಗೊತ್ತೂ ಆಗುವುದಿಲ್ಲ, ರಿಕ್ಷಾ ಓಡುತ್ತಲೇ ಇರುತ್ತದೆ. ಆದರೆ ಅಲ್ಲಿ ಹುಟ್ಟುವ ಶಾಖ 20 ವಾಟ್. ಹಾಗಾಗಿ ರಿಕ್ಷಾ ಬಂದರೆ ಮೇಸ್ತ್ರಿ ಮೀಟರಿಗೆ ಕೈಹಾಕುವ ಮೊದಲು ಸೀಟು ಎತ್ತಿ ಕಪ್ಲರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ, ಯಾವುದು ಬಿಸಿಯಾಗಿದೆ ಎಂದು.